ಮೂಲೆ ಮಡಿಸದ ಕಾರ್ಡುಗಳು

ಮಾರ್ಚ್ 4, ಸೋಮವಾರ

ಇದು ಅಕ್ಕನ ಅಳತೆ ಪುಸ್ತಕ. ಮೊದಲ ಅರ್ಧದ ತುಂಬ ಬೀದಿಯವರ ಸೊಂಟ, ಭುಜ, ತೋಳು. ಹಿಂದಿನ ಅರ್ಧ ಖಾಲಿ. ಮನೆಯಲ್ಲಿ ಬೇರೆ ಕಾಗದ ಇಲ್ಲವೆಂದಲ್ಲ, ಕೈಗೆ ಇದೇ ಸಿಕ್ಕಿತು. ತಿರುಗಿಸಿಕೊಂಡು ಹಿಂದಿನಿಂದ ಬರೆಯುತ್ತಿದ್ದೇನೆ.

ಅಕ್ಕ ತೀರಿಕೊಂಡು ಇವತ್ತಿಗೆ ಮೂರು ತಿಂಗಳು ಎರಡು ದಿನ. ಬರೆದು ನೋಡಿದೆ. ಏನೂ ಆಗಲಿಲ್ಲ.

ನಿಘಂಟು ಕಚೇರಿಗೆ ಬಣ್ಣ ಹೊಡೆಸುತ್ತಿದ್ದಾರೆ, ಎಲ್ಲರಿಗೂ ಮನೆಯಲ್ಲೇ ಕೆಲಸ. ಏಪ್ರಿಲ್ ಹದಿನೈದಕ್ಕೆ ಸಂಪುಟ ಅಚ್ಚಿಗೆ ಹೋಗಬೇಕು. ನನ್ನ ಪಾಲಿಗೆ ಬಂದಿರುವುದು ‘ಕೀಪ್’ ಎಂಬ ಇಂಗ್ಲಿಷ್ ಕ್ರಿಯಾಪದ. ನೋಡಲು ನಾಲ್ಕಕ್ಷರದ ಬಡಪಾಯಿ, ಹೊಟ್ಟೆಯೊಳಗೆ ಒಂದು ಕೂಡುಕುಟುಂಬ. ಇಟ್ಟುಕೊಳ್ಳು, ಕಾಯು, ಸಾಕು, ಅಂಗಡಿ ನಡೆಸು, ಮುಚ್ಚಿಡು, ತಡೆದು ನಿಲ್ಲಿಸು, ಕೊಟ್ಟ ಮಾತು ಉಳಿಸಿಕೊಳ್ಳು, ಮಾಡುತ್ತಲೇ ಇರು, ಕೆಡದೆ ಇರು. ಒಟ್ಟು ಹದಿನಾಲ್ಕು ಅರ್ಥ, ನೂರ ಹನ್ನೆರಡು ಕಾರ್ಡು, ಕಾರ್ಡಿಗೊಂದು ಉದಾಹರಣೆ ವಾಕ್ಯ. ಕಟ್ಟು ಕಟ್ಟಿ ಪರಿಶೀಲಕರಿಗೆ ಅಂಚೆಯಲ್ಲಿ ಹಾಕಿದೆ.

ಪರಿಶೀಲಕರು ಹೊಸಬರು, ಬೇರೆ ಊರಿನವರು. ಅವರಿಗೆ ನಮ್ಮ ನಿಯಮಗಳನ್ನು ಬರೆದು ಕಳಿಸಿ ಎಂದು ದೊಡ್ಡವರು ಹೇಳಿದ್ದರು. ದೊಡ್ಡವರು ಎಂದರೆ ಪ್ರಧಾನ ಸಂಪಾದಕರು. ಆಳು ಮಾತ್ರ ನನ್ನ ಭುಜಕ್ಕೆ ಬರುತ್ತಾರೆ. ಬರೆದೆ. ಒಂದು, ಉದಾಹರಣೆ ವಾಕ್ಯವನ್ನು ನಾವು ಕಟ್ಟಕೂಡದು; ಯಾರೋ ಆಡಿದ್ದನ್ನು ಕಿವಿಯಾರೆ ಕೇಳಿ ಬರೆಯಬೇಕು. ಎರಡು, ಆಡಿದವರು ಯಾರು, ಎಂದು, ಅವರ ಫೋನ್ ನಂಬರು ಏನು ಎಂದು ಕಾರ್ಡಿನ ಕೆಳಗೆ ಇರಬೇಕು. ಪರಿಶೀಲಕರು ಫೋನ್ ಮಾಡಿ ‘ಹೀಗೆ ಹೇಳಿದ್ದು ಹೌದೇ’ ಎಂದು ಕೇಳುತ್ತಾರೆ. ಮೂರು, ಆಡಿದವರು ತೀರಿಕೊಂಡಿದ್ದರೆ ಕಾರ್ಡಿನ ಬಲ ಮೂಲೆಯನ್ನು ಮಡಿಸಬೇಕು. ಮೂಲೆ ಮಡಿಸಿದ ಕಾರ್ಡಿಗೆ ಬದುಕಿರುವವರೊಬ್ಬರು ‘ನಾನೂ ಹೀಗೇ ಹೇಳ್ತೀನಿ’ ಎಂದು ಸಾಕ್ಷಿ ಹೇಳಬೇಕು. ಸಾಕ್ಷಿ ಸಿಗದಿದ್ದರೆ ಕಾರ್ಡು ಕಚೇರಿಯ ಪೆಟ್ಟಿಗೆಗೆ ವಾಪಸ್ಸು. ವಾಕ್ಯ ನಿಘಂಟಿಗೆ ಹೋಗುವುದಿಲ್ಲ. ಸಂಗ್ರಹಿಸಿದವರ ಸಾಕ್ಷಿ ನಡೆಯುವುದಿಲ್ಲ.

ಮೂರನೆಯದನ್ನು ಬರೆಯುವಾಗ ಪೆನ್ನಿನ ಶಾಯಿ ಮುಗಿಯಿತು. ಬೇರೆ ಪೆನ್ನು ತಂದು ಬರೆದೆ.

ನೂರ ಹನ್ನೆರಡರಲ್ಲಿ ಮೂವತ್ತನಾಲ್ಕು ಅಕ್ಕನವು. ಮೂಲೆ ಮಡಿಸಿಲ್ಲ. ಸಮಯ ಸಿಗಲಿಲ್ಲ.

ಮಾರ್ಚ್ 5, ಮಂಗಳವಾರ

ಬೆಳಿಗ್ಗೆ ಯಾರೋ ಬಾಗಿಲು ಬಡಿದರು. ಕಿಟಕಿಯ ಸಂದಿಯಿಂದ ನೋಡಿದೆ, ಬಸ್ ಓಡಿಸುವವರು. ಅವರ ಬೂದು ಕೋಟು ಅಕ್ಕನ ಹೊಲಿಗೆ ಯಂತ್ರದಲ್ಲಿದೆ. ಬಟ್ಟೆ ಒತ್ತಿ ಹಿಡಿಯುವ ಪಾದ ಇಳಿದೇ ಇದೆ, ಸೂಜಿ ಎಡ ತೋಳಿನೊಳಗಿದೆ. ಅವತ್ತು ಅಕ್ಕ ತೋಳು ಗಿಡ್ಡ ಮಾಡುತ್ತಿದ್ದವಳು ತಲೆಯನ್ನು ಅದರ ಮೇಲೇ ಇಟ್ಟಳು. ಹೃದಯ ಅಂದರು.

ಬಾಗಿಲು ತೆಗೆಯಲಿಲ್ಲ. ಅವರು ಸ್ವಲ್ಪ ಹೊತ್ತು ನಿಂತು ಹೋದರು.

ಮಾರ್ಚ್ 8, ಶುಕ್ರವಾರ

ಸಂಜೆ ನಾಲ್ಕಕ್ಕೆ ಫೋನ್ ಬಂತು. ಗಂಡಸು, ವಾಕ್ಯಕ್ಕೊಮ್ಮೆ ಕೆಮ್ಮು.

“ನಿಘಂಟಿನ ಪರಿಶೀಲಕ ಮಾತಾಡ್ತಿರೋದು. ಟೈಲರಮ್ಮ ಇದ್ದಾರಾ?”

ಕಾರ್ಡಿನಲ್ಲಿ ಅಕ್ಕನ ಎದುರು ಹಾಗೆಂದೇ ಬರೆದಿದ್ದೇನೆ: ಟೈಲರಮ್ಮ, ಮತ್ತು ಈ ಮನೆಯ ನಂಬರು. ಅದು ನನ್ನ ನಂಬರೂ ಹೌದೆಂದು ಅವರಿಗೆ ಗೊತ್ತಿಲ್ಲ. ನಾನು ಕ್ರಿಯಾಪದದವಳು, ಕಾರ್ಡು ಕಳಿಸಿದವಳು, ಅವರ ತಂಗಿ ಎಂದೆ.

“ಓ, ನೀವೇನಾ. ಒಳ್ಳೇದಾಯ್ತು. ಅವರನ್ನ ಕರೀತೀರಾ?”

“ಈಗ ಇಲ್ಲ,” ಎಂದೆ. ಅದು ಸುಳ್ಳಲ್ಲ.

“ಹಾಗಾದ್ರೆ ನೀವೇ ಕೇಳಿ ಹೇಳಿ. ‘ಉಳಿದ ಬಟ್ಟೆ ನೀವೇ ಇಟ್ಕೊಳ್ಳಿ, ನಾಳೆ ತೇಪೆಗೆ ಬೇಕಾಗುತ್ತೆ.’ ಹೀಗೆ ಹೇಳಿದ್ದು ಹೌದಾ?”

“ಹೌದು, ಅವಳೇ ಹೇಳಿದ್ದು.”

“ಕೇಳದೇ ಹೇಳ್ತಿದ್ದೀರಲ್ಲ.”

“ದಿನಾ ಹೇಳ್ತಾಳೆ.”

ಅವರು ನಕ್ಕು, ಇನ್ನೆರಡು ಕೇಳಿ ಇಟ್ಟರು. ಪರಿಶೀಲಕರ ಕೆಲಸವೇ ಪ್ರತಿ ಕಾರ್ಡಿಗೂ ಪ್ರಶ್ನೆಯ ಕೊಕ್ಕೆ ಹಾಕುವುದು. ಇವರಿಗೆ ಕೊಕ್ಕೆ ಎಂದೇ ಹೆಸರಿಟ್ಟಿದ್ದೇನೆ.

ಮಾರ್ಚ್ 12, ಮಂಗಳವಾರ

ಕೊಕ್ಕೆ ದಿನಾ ನಾಲ್ಕಕ್ಕೆ ಫೋನ್ ಮಾಡುತ್ತಾರೆ. ದಿನಕ್ಕೆ ಮೂರೋ ನಾಲ್ಕೋ ಕಾರ್ಡು. ಎಲ್ಲವನ್ನೂ ಒಂದೇ ಸಲ ಕೇಳಿ ಮುಗಿಸಬಹುದಲ್ಲ ಎಂದೆ. “ನಮಗೂ ಒಂದಿಷ್ಟು ರುಚಿ ಬೇಡ್ವಾ,” ಎಂದರು.

ಇವತ್ತು ಎಂಟನೇ ಅರ್ಥ, ಮಾಡುತ್ತಲೇ ಇರು. ಅಕ್ಕನ ವಾಕ್ಯ: ‘ಒಂದೇ ಸಮ ಬಾಗಿಲು ಬಡೀತಾನೇ ಇದ್ದಾರೆ, ನೀನು ಹೋಗಿ ತೆಗೀಬಾರ್ದಾ, ಕಾಲು ಸವೆಯುತ್ತಾ?’ ಕೊಕ್ಕೆ ಓದಿ ಬಹಳ ನಕ್ಕರು. ಆಮೇಲೆ ಕೆಮ್ಮಿದರು.

“ಇವತ್ತಾದ್ರೂ ಫೋನ್ ಕೊಡಿ ಅವರಿಗೆ. ಆ ದನಿ ಒಂದ್ಸಲ ಕೇಳಬೇಕು.”

“ಅಳತೆ ತಗೊಳ್ತಿದ್ದಾಳೆ.”

ಇದು ಸುಳ್ಳು. ಹೇಳುವಾಗ ನಾಲಿಗೆ ತಡವರಿಸಲಿಲ್ಲ. ಅದೇ ನನಗೆ ವಿಚಿತ್ರವೆನಿಸಿತು.

ಮಾರ್ಚ್ 14, ಗುರುವಾರ

ಬ್ರೆಡ್ಡಿನ ತುದಿಗಳು ಡಬ್ಬಿಯಲ್ಲಿ ಒಂಬತ್ತು ಸೇರಿವೆ. ತುದಿ ತಿನ್ನುವವಳು ಅಕ್ಕ. ನನಗೆ ಆ ಗಟ್ಟಿ ಆಗುವುದಿಲ್ಲ.

ಬೇರೇನಿಲ್ಲ.

ಮಾರ್ಚ್ 19, ಮಂಗಳವಾರ

ದೊಡ್ಡವರು ಫೋನ್ ಮಾಡಿದರು.

“ಹದಿಮೂರನೇ ಅರ್ಥಕ್ಕೆ ಒಂದೂ ಕಾರ್ಡಿಲ್ಲ.”

ಹದಿಮೂರನೆಯದು ಸುದ್ದಿಗೆ ಸಂಬಂಧಿಸಿದ್ದು. ಹೇಳಬೇಕಾದ ಸುದ್ದಿ ಈಗಲೇ ಹೇಳದಿದ್ದರೂ ಕೆಡುವುದಿಲ್ಲ, ಆಮೇಲೆ ಹೇಳಿದರೂ ಆದೀತು, ಎಂಬ ಅರ್ಥ. ಇಂಗ್ಲಿಷಿನವರು ಹಾಲಿಗೂ ಸುದ್ದಿಗೂ ಒಂದೇ ಕ್ರಿಯಾಪದ ಹಚ್ಚುತ್ತಾರೆ. ನಮ್ಮವರು ಇದನ್ನು ಹೇಗೆ ಹೇಳುತ್ತಾರೆಂದು ನಾನು ಎಲ್ಲೂ ಕೇಳಿರಲಿಲ್ಲ.

“ವಾರದೊಳಗೆ ಹುಡುಕಿ. ಇಲ್ಲಾಂದ್ರೆ ಆ ಅರ್ಥ ತೆಗೆದುಬಿಡೋಣ.” ಫೋನ್ ಇಡುವ ಮೊದಲು, “ಮೂಲೆಗಳನ್ನ ನೋಡ್ಕೊಂಡಿದ್ದೀರಿ ತಾನೆ?” ಎಂದರು.

ಅಂತ್ಯಕ್ರಿಯೆಗೆ ಅವರು ಬಂದಿದ್ದರು. ಮುಂದೆ ನಿಂತು ಹೆಗಲು ಕೊಡಲು ಹೋಗಿ, ಎತ್ತರ ಸಾಲದೆ ಹಿಂದೆ ಸರಿದಿದ್ದರು.

“ನೋಡ್ಕೋತಾ ಇದ್ದೀನಿ,” ಎಂದೆ.

ಮಾರ್ಚ್ 21, ಗುರುವಾರ

ಹದಿಮೂರನೆಯದಕ್ಕೆ ಕಾರ್ಡು ಬರೆದೆ.

‘ಸುದ್ದಿ ಎಲ್ಲಿಗೂ ಓಡಿಹೋಗಲ್ಲ ಬಿಡು, ನಾಳೆ ಹೇಳಿದ್ರೂ ಆಗುತ್ತೆ.’ ಕೆಳಗೆ ಟೈಲರಮ್ಮ ಎಂದು ಬರೆದೆ. ತಾರೀಖು ಹೋದ ನವೆಂಬರಿನದು ಹಾಕಿದೆ.

ಇಪ್ಪತ್ತೆರಡು ವರ್ಷದಲ್ಲಿ ನಾನು ಒಂದು ವಾಕ್ಯವನ್ನೂ ಕಟ್ಟಿದವಳಲ್ಲ. ಹಿಂದೆ ನಮ್ಮ ಕಚೇರಿಯ ವಿಶೇಷಣದ ಮೇಷ್ಟ್ರು ಮೂರು ವಾಕ್ಯ ಕಟ್ಟಿ ಸಿಕ್ಕಿಬಿದ್ದಾಗ ಎಲ್ಲರಿಗಿಂತ ಜೋರಾಗಿ ಬೈದವಳು ನಾನು. ಮನೆಗೆ ಬಂದು ಹೇಳಿದಾಗ ಅಕ್ಕ, “ಪಾಪ, ಕಿವಿ ಮಂದ ಇರಬೇಕು,” ಎಂದಿದ್ದಳು. ಕಾರ್ಡನ್ನು ಲಕೋಟೆಗೆ ಹಾಕುವಾಗ ನಾಚಿಕೆಯಾಗಬೇಕಿತ್ತು. ಅಂಟು ಸರಿಯಾಗಿ ಹಿಡಿದಿದೆಯೇ ಎಂದು ಮಾತ್ರ ನೋಡಿದೆ.

ಬಸ್ ಓಡಿಸುವವರು ಮತ್ತೆ ಬಂದಿದ್ದರು. ಇದು ಮೂರನೇ ಸಲ.

ಮಾರ್ಚ್ 25, ಸೋಮವಾರ

ಫೋನಿನಲ್ಲಿ ನಡೆದದ್ದನ್ನು ನಡೆದ ಹಾಗೇ ಬರೆದಿಡುತ್ತೇನೆ.

“ಹದಿಮೂರನೇದು ತಲುಪಿತು,” ಎಂದರು ಕೊಕ್ಕೆ. “ಇದು ಟೈಲರಮ್ಮನ ಮಾತಲ್ಲ.”

“ಅವಳದೇ.”

“ಅಲ್ಲ ಮೇಡಂ. ಮೂವತ್ತನಾಲ್ಕು ಕಾರ್ಡು ಓದಿದ್ದೀನಿ. ಅರವತ್ತೊಂದನೇ ಕಾರ್ಡಲ್ಲಿ ಅವರೇ ಹೇಳಿದ್ದಾರೆ: ‘ಗುಟ್ಟು ಇಟ್ಕೋ ಅಂತ ನಂಗೆ ಹೇಳ್ಬೇಡ, ನನ್ನ ಬಾಯಲ್ಲಿ ಎಳ್ಳುಕಾಳೂ ನೆನೆಯಲ್ಲ.’ ಎಪ್ಪತ್ತರಲ್ಲಿ, ‘ಒಳಗೇ ಇಟ್ಕೋಬೇಡ, ಬೇಗ ಹೇಳು, ಹೊಟ್ಟೆ ಉಬ್ಬರಿಸ್ತಿದೆ.’ ಅಂಥವರು ಸುದ್ದೀನ ನಾಳೆಗೆ ಇಡ್ತಾರಾ? ಈ ವಾಕ್ಯದಲ್ಲಿ ಅವಸರವೇ ಇಲ್ಲ. ಇದು ಯಾರೋ ಕೂತು ಬರೆದಿದ್ದು.”

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ.

“ತಪ್ಪು ತಿಳ್ಕೋಬೇಡಿ. ಅವರನ್ನೇ ಒಂದು ಮಾತು ಕೇಳಿಬಿಡಿ. ನಾನು ಕಾಯ್ತೀನಿ.”

ಪಕ್ಕದ ಕೋಣೆಯಲ್ಲಿ ಯಂತ್ರ ಕಾಣುತ್ತಿತ್ತು. ಬೂದು ತೋಳಿನ ಮೇಲೆ ಧೂಳು ಕೂತಿತ್ತು. ನಾನು ನಿಜಕ್ಕೂ ಆ ಕಡೆ ಎರಡು ಹೆಜ್ಜೆ ಇಟ್ಟೆ, ಕೇಳಿಕೊಂಡು ಬರುವವಳ ಹಾಗೆ. ಆಮೇಲೆ ವಾಪಸ್ ಬಂದು ಫೋನ್ ಇಟ್ಟುಬಿಟ್ಟೆ.

ಮಾರ್ಚ್ 26, ಮಂಗಳವಾರ

ನಾಲ್ಕಕ್ಕೆ ಬಂದ ಫೋನ್ ಎತ್ತಲಿಲ್ಲ.

ಮಾರ್ಚ್ 27, ಬುಧವಾರ

ಎತ್ತಲಿಲ್ಲ. ಹನ್ನೊಂದು ಸಲ ಬಡಿದುಕೊಂಡಿತು.

ಮಾರ್ಚ್ 28, ಗುರುವಾರ

ಎತ್ತಿದೆ. ಅವರು ಬಾಯಿ ತೆರೆಯುವ ಮೊದಲೇ ಹೇಳಿದೆ.

“ಅವಳನ್ನ ಕೇಳೋಕಾಗಲ್ಲ. ಡಿಸೆಂಬರ್ ಎರಡಕ್ಕೆ ತೀರಿಕೊಂಡಳು.”

ಆ ಕಡೆ ಕೆಮ್ಮೂ ಇಲ್ಲ. “ಮೊದಲ ದಿನವೇ ಹೇಳಬಹುದಿತ್ತಲ್ಲ,” ಎಂದರು. ಬೈಗುಳದ ದನಿಯಲ್ಲ.

ನಾನು ಏನೇನೋ ಹೇಳಿದೆ. ಬಂದವರಿಗೆಲ್ಲ ಅವತ್ತು ಹೇಳುವವರು ಬೇರೆಯವರೇ ಇದ್ದರು, ನಾನು ನನ್ನ ಬಾಯಿಂದ ಯಾರಿಗೂ ಹೇಳಿರಲಿಲ್ಲ, ಇದೇ ಮೊದಲು, ಹೀಗೆ. ಹದಿಮೂರನೇ ಕಾರ್ಡು ನಾನು ಕಟ್ಟಿದ್ದು ಎಂದೂ ಹೇಳಿದೆ.

“ಗೊತ್ತಾಯ್ತು,” ಎಂದರು. ಮತ್ತೆ, “ದಿನಾ ನಿಮ್ಮ ಮನೆ ಕಾರ್ಡನ್ನ ಕೊನೇಗೆ ಉಳಿಸ್ಕೊಂಡು ಫೋನ್ ಮಾಡ್ತಿದ್ದೆ. ಇವತ್ತಾದ್ರೂ ಅವರೇ ಎತ್ತಬಹುದು ಅಂತ,” ಎಂದರು.

ಆಮೇಲೆ ಅವರು ಪರಿಶೀಲಕರಾದರು.

“ಹಾಗಾದ್ರೆ ಮೂಲೆ ಮಡಿಸಬೇಕಲ್ಲ.”

“ಹೌದು.”

“ನಾನು ಮಡಿಸ್ಲಾ, ನೀವೇ ಮಡಿಸ್ತೀರಾ?”

“ಕಳಿಸಿ,” ಎಂದೆ.

ಏಪ್ರಿಲ್ 2, ಮಂಗಳವಾರ

ಕಟ್ಟು ಬಂತು. ನಾನು ಕಟ್ಟಿದ ಕಾರ್ಡನ್ನು ಮೊದಲು ಹರಿದು ಹಾಕಿದೆ. ಆಮೇಲೆ ಮೂವತ್ತನಾಲ್ಕು ಮೂಲೆ ಮಡಿಸಿದೆ. ಮಡಿಸಿ ಉಗುರಿನಿಂದ ಎಳೆಯಬೇಕು, ಇಲ್ಲದಿದ್ದರೆ ಮತ್ತೆ ಏಳುತ್ತದೆ. ಎರಡು ಕಾರ್ಡು ಎದ್ದವು, ಮತ್ತೆ ಎಳೆದೆ. ಅರ್ಧ ಗಂಟೆಯ ಕೆಲಸ. ಇದಕ್ಕೆ ನಾಲ್ಕು ತಿಂಗಳು ಹಿಡಿಯಿತು.

ಈಗ ಮೂವತ್ತನಾಲ್ಕಕ್ಕೂ ಸಾಕ್ಷಿ ಬೇಕು. ಹದಿಮೂರು ದಿನ ಉಳಿದಿದೆ. ಸಾಕ್ಷಿ ಸಿಗದಿದ್ದರೆ ಅಕ್ಕ ಆಡಿದ್ದು ಒಂದೂ ಅಚ್ಚಾಗುವುದಿಲ್ಲ. ಬದುಕಿದ್ದಾಗ ಇಡೀ ಬೀದಿಯ ಕಿವಿ ತುಂಬಿಸಿದವಳ ಒಂದು ವಾಕ್ಯವೂ ಉಳಿಯುವುದಿಲ್ಲವೆಂದರೆ ನನಗೆ ಆಗದು.

ಈ ಪುಸ್ತಕವನ್ನು ತಿರುಗಿಸಿ ಮೊದಲ ಅರ್ಧ ನೋಡಿದೆ. ಅಳತೆಯ ಜೊತೆ ಎಲ್ಲರ ವಿಳಾಸವೂ ಇದೆ. ಹೆಸರಿಲ್ಲ. ಅಕ್ಕನಿಗೆ ಹೆಸರು ನೆನಪಿರುತ್ತಿರಲಿಲ್ಲ. ‘ಎರಡನೇ ಮಹಡಿ ನರ್ಸು, ಒಂದು ಭುಜ ತಗ್ಗು.’ ‘ಸಿಟ್ಟಿನ ಮೇಷ್ಟ್ರು, ಹೊಟ್ಟೆ ಒಳಗೆ ಎಳ್ಕೋತಾರೆ, ಎರಡಿಂಚು ಬಿಡು.’ ಮುಂದಿನ ಕೋಣೆಯಲ್ಲಿ ಇಪ್ಪತ್ತಮೂರು ಬಟ್ಟೆಗಳಿವೆ. ಯಾವುದು ಯಾರದೆಂದು ಈ ಪುಸ್ತಕ ಹೇಳುತ್ತದೆ.

ಏಪ್ರಿಲ್ 4, ಗುರುವಾರ

ಬಾಗಿಲು ಬಡಿದರು. ತೆಗೆದೆ. ಬಸ್ ಓಡಿಸುವವರು ಟೋಪಿ ತೆಗೆದು ಕೈಯಲ್ಲಿ ಹಿಡಿದರು.

“ಕೋಟು ಇನ್ನೂ ಆಗಿಲ್ಲ,” ಎಂದೆ.

“ಕೋಟಿಗಲ್ಲಮ್ಮ ಬಂದಿದ್ದು. ದಿನಾ ಈ ಬೀದೀಲೇ ಬಸ್ ತಿರುಗಿಸ್ತೀನಿ, ಕಿಟಕಿ ಮುಚ್ಚೇ ಇರುತ್ತೆ. ನೀವು ಬಾಗಿಲು ತೆಗೀತೀರೋ ಇಲ್ವೋ ನೋಡೋಣ ಅಂತ ಬರ್ತಿದ್ದೆ.”

ಒಳಗೆ ಕರೆದೆ. ಅವರು ಯಂತ್ರವನ್ನು ನೋಡಿ ನಿಂತರು. ನಾನು ಚಕ್ರ ತಿರುಗಿಸಿ ಸೂಜಿ ಎತ್ತಿದೆ, ಪಾದ ಎತ್ತಿದೆ. ನೂಲು ಕತ್ತರಿಸಲು ಕತ್ತರಿ ಸಿಗಲಿಲ್ಲ; ಅವರೇ ಹಲ್ಲಿನಲ್ಲಿ ಕಡಿದರು. ಒಂದು ತೋಳು ಗಿಡ್ಡ, ಒಂದು ಉದ್ದ. ಹಾಕಿಕೊಂಡು ಎರಡು ಕೈಯನ್ನೂ ಮುಂದೆ ಚಾಚಿ ನೋಡಿದರು.

“ಸ್ಟಿಯರಿಂಗ್ ಹಿಡಿದಾಗ ಯಾರಿಗೆ ಗೊತ್ತಾಗುತ್ತೆ. ಹೀಗೇ ಇರಲಿ.”

ಕಾರ್ಡುಗಳನ್ನು ಓದಿದೆ. ‘ಕೊಟ್ಟ ಮಾತು ಉಳಿಸ್ಕೋಬೇಕು, ಇಲ್ಲಾ ಕೊಡಲೇಬಾರದು.’ ನಾನೂ ಹೀಗೇ ಹೇಳ್ತೀನಿ ಎಂದರು. ‘ಇಷ್ಟು ಹೊತ್ತು ನಿಲ್ಲಿಸ್ಕೊಂಡು ಏನು ಮಾಡಿದ್ರಂತೆ?’ ಅದಕ್ಕೂ ಹೌದು. ಒಟ್ಟು ಐದು ಕಾರ್ಡಿಗೆ ಸಹಿ ಹಾಕಿದರು. ‘ಹೊಟ್ಟೆ ಉಬ್ಬರಿಸ್ತಿದೆ’ ಎಂಬುದಕ್ಕೆ ಮಾತ್ರ, “ಅದು ಅವರಿಗೇ ಸರಿ. ನಾನು ಅಂದ್ರೆ ಜನ ಡಾಕ್ಟರ ಹತ್ರ ಕಳಿಸ್ತಾರೆ,” ಎಂದರು.

ನಾನು ನಕ್ಕೆ ಎಂದು ಕಾಣುತ್ತದೆ. ಅವರು ನನ್ನ ಮುಖ ನೋಡಿದರು.

ಏಪ್ರಿಲ್ 8, ಸೋಮವಾರ

ಶನಿವಾರದಿಂದ ಬಟ್ಟೆ ಹೊತ್ತುಕೊಂಡು ಮನೆ ಮನೆ ತಿರುಗುತ್ತಿದ್ದೇನೆ. ಅರ್ಧ ಹೊಲಿದ ಬಟ್ಟೆ ಕೊಟ್ಟು ಸಹಿ ಕೇಳುವವಳನ್ನು ಈ ಬೀದಿ ಇನ್ನೆಂದೂ ನೋಡಲಾರದು.

ಎರಡನೇ ಮಹಡಿ ನರ್ಸು ಆಸ್ಪತ್ರೆಯಿಂದ ಬಂದು ಕಾಲು ಬಿಸಿನೀರಿನಲ್ಲಿ ಇಟ್ಟುಕೊಂಡು ಕೂತಿದ್ದಳು. ಕಾರ್ಡು ಓದಿದ ಹಾಗೆಲ್ಲ ಹೌದು ಹೌದು ಎಂದಳು. ಹಾಗೆ ಸುಮ್ಮನೆ ಹೌದೆನ್ನಬಾರದು, ನೀವು ನಿಜವಾಗಿ ಹೀಗೆ ಹೇಳುತ್ತೀರಾ ಎಂದು ಗದರಿದೆ. “ಅಕ್ಕನ ತಂಗಿಯೇ ಸರಿ,” ಎಂದು ಎಂಟಕ್ಕೆ ಸಹಿ ಹಾಕಿ ಮೂರನ್ನು ವಾಪಸ್ ಕೊಟ್ಟಳು.

ಸಿಟ್ಟಿನ ಮೇಷ್ಟ್ರಿಗೆ ವ್ಯಾಕರಣದ ತಕರಾರು. ಇದು ಆಡುಮಾತು, ನಿಘಂಟಿಗೆ ತಕ್ಕದ್ದಲ್ಲ ಎಂದರು. ಅಷ್ಟರಲ್ಲಿ ಒಳಗಿನಿಂದ ಅವರ ಹೆಂಡತಿ ಏನೋ ಕೇಳಿದಳು. “ಹಾಲು ಸಂಜೆವರೆಗೂ ಉಳಿಯಲ್ಲ, ಈಗಲೇ ಕಾಯಿಸಿಬಿಡು,” ಎಂದು ಕೂಗಿದರು. ನಾನು ಅಕ್ಕನ ಐವತ್ತೆರಡನೇ ಕಾರ್ಡನ್ನು ಅವರ ಮುಂದೆ ಇಟ್ಟೆ: ‘ಹಾಲು ಸಂಜೆವರೆಗೂ ಉಳಿಯಲ್ಲ, ಕುಡಿದುಬಿಡು.’ ಓದಿ, ಕನ್ನಡಕ ಒರೆಸಿಕೊಂಡು, ಸಹಿ ಹಾಕಿದರು. ಪ್ಯಾಂಟಿಗೆ ಅಕ್ಕ ಎರಡಿಂಚು ಬಿಟ್ಟಿದ್ದಳು. ಸರಿಹೋಯಿತು.

ಮೂವತ್ತನಾಲ್ಕರಲ್ಲಿ ಇಪ್ಪತ್ತೇಳಕ್ಕೆ ಸಾಕ್ಷಿ ಸಿಕ್ಕಿದೆ. ಕಾಲು ಸವೆದಿದೆ.

ಏಪ್ರಿಲ್ 11, ಗುರುವಾರ

ಮೂವತ್ತಮೂರು ಆಯಿತು. ಹೊಟ್ಟೆ ಉಬ್ಬರಿಸುವುದಕ್ಕೂ ತರಕಾರಿಯವಳು ಸಿಕ್ಕಳು.

ಒಂದು ಉಳಿದಿದೆ. ಮೂರನೇ ಅರ್ಥ, ಸಾಕು. ನನಗೆ ಬೆಕ್ಕು ಸಾಕುವ ಆಸೆ ಇತ್ತು. ಹತ್ತು ವರ್ಷ ಕೇಳಿದ್ದೆ. ಅಕ್ಕ ಪ್ರತಿಸಲ ಅನ್ನುತ್ತಿದ್ದಳು: ‘ನಿನ್ನೊಬ್ಬಳನ್ನ ಸಾಕೋದೇ ಸಾಕಾಗಿದೆ, ಇನ್ನು ಬೆಕ್ಕು ಬೇರೆ.’ ಹದಿನಾಲ್ಕು ಮನೆಗೆ ತೋರಿಸಿದೆ. ಯಾರೂ ಹೀಗೆ ಹೇಳುವುದಿಲ್ಲ. ನರ್ಸು ಓದಿ, “ಇದು ನಿಮಗೇ ಹೇಳಿದ್ದು,” ಎಂದಳು.

ನಾನು ಸಾಕ್ಷಿಯಾಗುವ ಹಾಗಿಲ್ಲ. ಕಾರ್ಡು ಪೆಟ್ಟಿಗೆಗೆ ಹೋಗಬೇಕು. ಪೆಟ್ಟಿಗೆಗೆ ಹಾಕಲಿಲ್ಲ, ಈ ಪುಸ್ತಕದೊಳಗೆ ಇಟ್ಟಿದ್ದೇನೆ. ದೊಡ್ಡವರು ಕೇಳಿದರೆ ಒಪ್ಪಿಕೊಳ್ಳುತ್ತೇನೆ. ಅಕ್ಕ ಇಲ್ಲದೆ ನನಗೆ ಬಹಳ ಕಷ್ಟವಾಗುತ್ತಿದೆ.

ಹದಿಮೂರನೇ ಅರ್ಥವನ್ನು ತೆಗೆದುಬಿಡಿ ಎಂದು ದೊಡ್ಡವರಿಗೆ ಹೇಳಿದೆ. ನಾನು ವಾಕ್ಯ ಕಟ್ಟಿದ್ದನ್ನೂ ಹೇಳಿದೆ. ಅವರು, “ಸೋಮವಾರದವರೆಗೆ ಜಾಗ ಬಿಟ್ಟಿರೋಣ,” ಎಂದರು.

ಏಪ್ರಿಲ್ 13, ಶನಿವಾರ

ಬ್ರೆಡ್ಡಿನ ಹಳೆಯ ತುದಿಗಳನ್ನೆಲ್ಲ ಪಾರಿವಾಳಗಳಿಗೆ ಹಾಕಿದೆ. ಇವತ್ತಿನ ತುದಿಯನ್ನು ಚಹಾದಲ್ಲಿ ಅದ್ದಿ ತಿಂದೆ. ಅದ್ದಿದರೆ ಅಷ್ಟೇನೂ ಗಟ್ಟಿಯಿಲ್ಲ.

ಮಧ್ಯಾಹ್ನದ ಅಂಚೆಯಲ್ಲಿ ಕೊಕ್ಕೆಯವರ ಲಕೋಟೆ. ಒಳಗೆ ಒಂದೇ ಕಾರ್ಡು, ಅವರ ಕೈಬರಹ. ‘ಕೀಪ್, ಹದಿಮೂರನೇ ಅರ್ಥ.’ ಕೆಳಗೆ ವಾಕ್ಯ:

‘ನಾಲ್ಕು ತಿಂಗಳಿಂದ ಆ ಸುದ್ದಿ ಹಾಗೇ ಇಟ್ಕೊಂಡಿದ್ದೀನಿ. ಹಳಸಿಹೋಗುತ್ತೆ ಅಂದ್ಕೊಂಡೆ. ಹಳಸಿಲ್ಲ, ಇವತ್ತು ಬೆಳಿಗ್ಗೆ ಆದ ಹಾಗೇ ಇದೆ.’

ಅದರ ಕೆಳಗೆ, ಹೇಳಿದವರು: ಕ್ರಿಯಾಪದದವರು, ಟೈಲರಮ್ಮನ ತಂಗಿ. ಮಾರ್ಚ್ 28. ಈ ಮನೆಯ ನಂಬರು.

ನಾನು ಹೀಗೆ ಹೇಳಿದ್ದು ನನಗೆ ನೆನಪೇ ಇರಲಿಲ್ಲ. ಅವತ್ತು ಏನೇನೋ ಹೇಳಿದೆ ಎಂದಷ್ಟೇ ಬರೆದಿದ್ದೇನೆ. ಕಾರ್ಡನ್ನು ಬೆಳಕಿಗೆ ಹಿಡಿದೆ. ಬಲ ಮೂಲೆ ನೆಟ್ಟಗಿತ್ತು. ಅದರ ಮೇಲೆ ಬೆರಳಾಡಿಸುತ್ತ ಕೂತವಳಿಗೆ ಅಳು ಬಂತು. ಮೊದಲು ಸ್ವಲ್ಪ, ಆಮೇಲೆ ನಿಲ್ಲಲೇ ಇಲ್ಲ. ಅಕ್ಕನ ಕುರ್ಚಿಯಲ್ಲಿ ಕೂತು, ಯಂತ್ರದ ಮೇಲೆ ತಲೆಯಿಟ್ಟು ಅತ್ತೆ.

ನಾಲ್ಕಕ್ಕೆ ಫೋನ್ ಬಂತು. ಮೂಗು ಒರೆಸಿಕೊಂಡು ಎತ್ತಿದೆ.

“ನಿಘಂಟಿನ ಪರಿಶೀಲಕ ಮಾತಾಡ್ತಿರೋದು,” ಎಂದು ಕೆಮ್ಮಿದರು. “ಹೀಗೆ ಹೇಳಿದ್ದು ಹೌದಾ?”

“ಹೌದು,” ಎಂದೆ. “ನಾನೇ ಹೇಳಿದ್ದು.”